ಗರ್ಭಕಂಠದ ಕ್ಯಾನ್ಸರ್: ವಿದ್ಯಾರ್ಥಿನಿಯರಿಗೆ ತಿಳಿದಿರಲಿ

ಭಾರತದಲ್ಲಿ 2022ರಲ್ಲಿ ಅಂದಾಜು 80 ಸಾವಿರ ಮಹಿಳೆಯರು ಗರ್ಭಕಂಠದ ಕ್ಯಾನ್ಸರ್‌ನಿಂದ ಮೃತಪಟ್ಟಿದ್ದಾರೆ. ಇದಕ್ಕೆ ಮುಖ್ಯ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್. ಇದು ತೀರಾ ಸಾಮಾನ್ಯ ವೈರಸ್, ಗಂಡನಿಂದಲೂ ಬರಬಹುದು. ಹಾಗಾಗಿ ರೋಗ ಬಂದವರ ನಡತೆಯನ್ನು ಸಂಶಯಿಸುವುದು ತಪ್ಪು.

ಲಸಿಕೆಗೆ 9ರಿಂದ 14 ವರ್ಷ ಉತ್ತಮ ಪ್ರಾಯ. ಆದರೆ ಕಾಲೇಜಿಗೆ ಹೋಗುವವರಿಗೂ ತಡವಾಗಿಲ್ಲ, 26 ವರ್ಷದವರೆಗೆ ಹಾಕಿಸಿಕೊಳ್ಳಬಹುದು. ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆ 2023ರಲ್ಲಿ ಬಂದಿದೆ. ಲಸಿಕೆ ಹಾಕಿಸಿದ್ದರೂ 30 ದಾಟಿದ ಮೇಲೆ ತಪಾಸಣೆ ಬೇಕೇ ಬೇಕು.

ಮುಟ್ಟಿನ ದಿನಗಳ ನಡುವೆ, ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ವೈದ್ಯರಲ್ಲಿ ಹೇಳಬೇಕು. ವಯನಾಡಿನ ಬೇಗೂರು ಭಾಗದವರಿಗೆ ಮಾನಂತವಾಡಿ ಬಳಿಯ ನಲ್ಲೂರ್ನಾಡಿನಲ್ಲಿ ಸರ್ಕಾರಿ ಕ್ಯಾನ್ಸರ್ ಕೇಂದ್ರವಿದೆ.

ಬೇಗ ಪತ್ತೆಯಾದರೆ ಗುಣವಾಗುವ ಕಾಯಿಲೆಯಿದು. ಕಾಲೇಜಿನಲ್ಲಿ ತಿಳಿದದ್ದನ್ನು ಮಗಳು ಮನೆಯಲ್ಲಿ ಉಮ್ಮನಿಗೂ ಹೇಳಲಿ. ತಪಾಸಣೆಯ ಪ್ರಾಯ ಉಮ್ಮನದ್ದು.