ಎರಡು ಸೆರೆಮನೆಗಳ ಕೈದಿ

2013ರ ಫೆಬ್ರವರಿಯಲ್ಲಿ, ಅಂತರ್ಯುದ್ಧದ ನಡುವೆ, ಸಿರಿಯಾದ ಮಅರ್ರಾ ಪಟ್ಟಣದಲ್ಲಿ ಬಂದೂಕುಧಾರಿಗಳು ಒಂದು ಪ್ರತಿಮೆಯ ತಲೆ ಕಡಿದರು. ಅದು ಆ ಊರಿನ ಕುರುಡು ಕವಿ ಅಬುಲ್ ಅಲಾ ಅಲ್ ಮಅರ್ರಿಯವರದು. ಸುವರ್ಣಯುಗದ ಮಾತು ಬಂದಾಗಲೆಲ್ಲ ನಾವು ಇಬ್ನ್ ಸೀನಾ, ಅಲ್ ಬಿರೂನಿಯರನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಅವರ ಸಮಕಾಲೀನರೇ ಆದ ಮಅರ್ರಿಯ ಹೆಸರೆತ್ತಲು ಮಾತ್ರ ಹಿಂಜರಿಯುತ್ತೇವೆ.

973ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡರು. ಬಗ್ದಾದಿನಿಂದ ಮರಳುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಆಮೇಲೆ 1057ರಲ್ಲಿ ಸಾಯುವ ತನಕ ಹೆಚ್ಚುಕಡಿಮೆ ಮನೆಯಲ್ಲೇ ಉಳಿದರು. ಕುರುಡುತನ ಒಂದು ಸೆರೆಮನೆ, ಮನೆ ಇನ್ನೊಂದು ಎನ್ನುತ್ತಿದ್ದರು. ಹುಟ್ಟುವುದೇ ದುಃಖವೆಂದು ನಂಬಿ ಮದುವೆಯಾಗಲಿಲ್ಲ. ಇನ್ನೊಂದು ಜೀವಕ್ಕೆ ನೋವಾಗದಿರಲೆಂದು ಮಾಂಸ, ಹಾಲು, ಮೊಟ್ಟೆ, ಕೊನೆಗೆ ಜೇನನ್ನೂ ಬಿಟ್ಟರು.

ಇದು ನಮ್ಮ ವಿಶ್ವಾಸಕ್ಕೆ ಹೊಂದುವ ಮಾತಲ್ಲ. ಅಂದೂ ಹೊಂದಿರಲಿಲ್ಲ, ಧರ್ಮಭ್ರಷ್ಟನೆಂದು ಜರೆದವರಿದ್ದರು. ಆದರೆ ಇಸ್ಮಾಯಿಲಿ ವಿದ್ವಾಂಸ ಅಲ್ ಮುಅಯ್ಯದ್ ಶಿರಾಝಿಯವರು ಮಾಡಿದ್ದು ಬೇರೆ. ಮಾಂಸ ಬಿಟ್ಟಿದ್ದೇಕೆಂದು ಪತ್ರ ಬರೆದು ಕೇಳಿದರು. ಮಅರ್ರಿ ಉತ್ತರಿಸಿದರು. ಒಪ್ಪಿಗೆಯಾಗದೆ ಮತ್ತೆ ಪತ್ರ, ಮತ್ತೆ ಉತ್ತರ. ಆ ಪತ್ರಗಳು ಇಂದಿಗೂ ಓದಲು ಸಿಗುತ್ತವೆ.

ಬದುಕನ್ನು ಇಷ್ಟು ಕಹಿಯಾಗಿ ಕಂಡವರು ಜನರನ್ನು ದ್ವೇಷಿಸಿರಬೇಕು ಎಂದು ನಾವೂ ಭಾವಿಸಿದ್ದೆವು. ಹಾಗಿರಲಿಲ್ಲ. 1047ರಲ್ಲಿ ಆ ಊರನ್ನು ಹಾದುಹೋದ ಪ್ರವಾಸಿ ನಾಸಿರ್ ಖುಸ್ರೋ ಬರೆದಿಟ್ಟಿರುವಂತೆ, ಮಅರ್ರಿಯವರಿಗೆ ಬಾರ್ಲಿ ರೊಟ್ಟಿಯೇ ಆಹಾರ. ಅವರ ಬಾಗಿಲು ಮಾತ್ರ ಯಾರಿಗೂ ಮುಚ್ಚಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಮಂದಿ ದೂರದ ಊರುಗಳಿಂದ ಬಂದು ಅವರ ಬಳಿ ಸಾಹಿತ್ಯ ಕಲಿಯುತ್ತಿದ್ದರು.