ಯಾತ್ರಿಕನ ಹಾಸಿಗೆ

ನನ್ನ ಪರಿಚಿತರಾದ ನಿವೃತ್ತ ಗಣಿತದ ಮೇಷ್ಟರೊಬ್ಬರು ಒಂದು ಸಂಜೆ ಅಡಿಗೆಮನೆಯ ತಕ್ಕಡಿಯನ್ನು ಪಡಸಾಲೆಗೆ ತಂದು, ಸುರುಳಿ ಸುತ್ತಿದ ತೆಳು ಹಾಸೊಂದನ್ನು ತೂಗುತ್ತಿದ್ದರು. 400 ಗ್ರಾಂ ತೂಗಿತು. ಸ್ಪೇನ್ ದೇಶದ ವಾಯವ್ಯ ಮೂಲೆಯ ಸಾಂತಿಯಾಗೊ ಕ್ಷೇತ್ರಕ್ಕೆ ಏಪ್ರಿಲ್ ತಿಂಗಳಿನಲ್ಲಿ ಮಡದಿಯೊಡನೆ ಕಾಲ್ನಡಿಗೆಯಲ್ಲಿ ಹೋಗುವ ಸಂಕಲ್ಪ ಅವರದು. ಫ್ರಾನ್ಸಿನ ಗಡಿಯಲ್ಲಿರುವ ಪಿರಿನೀಸ್ ಬೆಟ್ಟಗಳ ತಪ್ಪಲಿನಿಂದ ಸುಮಾರು 780 ಕಿಲೋಮೀಟರು. ತಿಂಗಳಿಗೂ ಮಿಕ್ಕ ನಡಿಗೆ. ಬೆನ್ನಿನ ಚೀಲ ಮೈತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ನಡೆದು ಬಂದವರ ಲೆಕ್ಕ. ಹಾಸನ್ನು ಒಯ್ಯುವುದೋ, ಬಿಡುವುದೋ? ಪ್ರಶ್ನೆ ಕ್ಷುಲ್ಲಕವೆಂದು ಓದುಗರು ನಗಬಾರದು. ಆ ದಾರಿಯಲ್ಲಿ ಇದು ಎಂಟುನೂರು ವರ್ಷಕ್ಕೂ ಹಳೆಯದು.

ಏಸುವಿನ ಶಿಷ್ಯನಾದ ಯಾಕೋಬನ ಸಮಾಧಿ ಸಾಂತಿಯಾಗೊದಲ್ಲಿದೆಯೆಂಬ ನಂಬಿಕೆ ಒಂಬತ್ತನೆಯ ಶತಮಾನದ್ದು. ಹನ್ನೆರಡನೆಯ ಶತಮಾನದಲ್ಲಿ ಈ ಯಾತ್ರೆಗೆ ಸಂಬಂಧಿಸಿದ ಬರೆಹಗಳನ್ನೆಲ್ಲ ಕೂಡಿಸಿ ಒಂದು ಲ್ಯಾಟಿನ್ ಗ್ರಂಥ ಸಿದ್ಧವಾಯಿತು. ಅದರ ಒಂದು ಉಪದೇಶದಲ್ಲಿ ಯಾತ್ರಿಕನ ಜೋಳಿಗೆಯ ವರ್ಣನೆಯಿದೆ. ಜೋಳಿಗೆ ಚಿಕ್ಕದಿರಬೇಕು, ಸತ್ತ ಪ್ರಾಣಿಯ ಚರ್ಮದ್ದಿರಬೇಕು, ಬಾಯಿಗೆ ದಾರ ಕಟ್ಟಿರಬಾರದು. ಕೂಡಿಡುವುದಕ್ಕಲ್ಲ, ಕೊಡುವುದಕ್ಕೂ ಪಡೆಯುವುದಕ್ಕೂ ಅದರ ಬಾಯಿ ಸದಾ ತೆರೆದಿರಬೇಕಂತೆ. ಅಂಥ ಜೋಳಿಗೆಯಲ್ಲಿ ಹಾಸಿಗೆ ಹಿಡಿಸುವ ಮಾತೆಲ್ಲಿ ಬಂತು?

ಆದರೆ ಬರಿಯ ಉಪದೇಶವನ್ನು ಹಾಸಿಕೊಂಡು ಮಲಗಲಾಗುವುದಿಲ್ಲ. ಯಾತ್ರಿಕನು ಬರಿಗೈಯಲ್ಲಿ ಹೊರಡಬಹುದಾಗಿದ್ದದ್ದು ದಾರಿಯೇ ಅವನಿಗೆ ಹಾಸಿಗೆ ಹಾಸಿಡುತ್ತಿದ್ದುದರಿಂದ. ಪಿರಿನೀಸ್ ದಾಟಿದೊಡನೆ ಸಿಗುವ ರೊನ್ಸೆಸ್‌ವಾಯೆಸ್ ಎಂಬಲ್ಲಿ ಹನ್ನೆರಡನೆಯ ಶತಮಾನದಲ್ಲೇ ಒಂದು ಧರ್ಮಶಾಲೆ ಎದ್ದಿತು. ಅದನ್ನು ಹೊಗಳುವ ಹಳೆಯ ಲ್ಯಾಟಿನ್ ಪದ್ಯವೊಂದು ಉಳಿದಿದೆ. ಕ್ರೈಸ್ತರಿಗಷ್ಟೇ ಅಲ್ಲ, ಯೆಹೂದಿಗಳಿಗೂ ಅನ್ಯಮತೀಯರಿಗೂ ಅದರ ಬಾಗಿಲು ತೆರೆದಿತ್ತು. ಬಂದವರ ಕಾಲು ತೊಳೆಯುತ್ತಿದ್ದರು, ಕ್ಷೌರ ಮಾಡುತ್ತಿದ್ದರು, ಹರಿದ ಪಾದರಕ್ಷೆ ಹೊಲಿದುಕೊಡುತ್ತಿದ್ದರು. ರೋಗಿಗಳಿಗೆ ಮೆತ್ತನೆಯ ಹಾಸಿಗೆಯಿತ್ತು. ಮುಂದೆ ಬುರ್ಗೋಸ್ ನಗರದಲ್ಲಿ ಅರಸನೇ ಕಟ್ಟಿಸಿದ ದೊಡ್ಡ ಛತ್ರ. 1495ರಲ್ಲಿ ಹೆರ್ಮನ್ ಕ್ಯೂನಿಗ್ ಎಂಬ ಜರ್ಮನ್ ಸನ್ಯಾಸಿ ಪದ್ಯದಲ್ಲಿ ಒಂದು ದಾರಿಗೈಪಿಡಿ ಬರೆದ. ಚರ್ಚುಗಳ ಶಿಲ್ಪವನ್ನು ಬಣ್ಣಿಸುವ ಗೋಜಿಗೆ ಅವನು ಹೋಗಲಿಲ್ಲ. ಎಲ್ಲಿ ಛತ್ರವಿದೆ, ಎಲ್ಲಿ ರೊಟ್ಟಿ ಸಿಗುತ್ತದೆ ಎಂಬುದೇ ಅವನ ಚಿಂತೆ. ದಣಿದವನಿಗೆ ಬೇಕಾದದ್ದೂ ಅದೇ ಅಲ್ಲವೆ?

ಛತ್ರವಿಲ್ಲದ ಊರಿನಲ್ಲಿ ನೆಲವೇ ಗತಿ. ಹದಿನೇಳನೆಯ ಶತಮಾನದಲ್ಲಿ ಇಟಲಿಯಿಂದ ನಡೆದು ಬಂದ ದೊಮೆನಿಕೊ ಲಾಫಿ ಎಂಬ ಪಾದ್ರಿ, ತೋಳಗಳ ಭಯವಿದ್ದ ಕುರುಬರ ಹಟ್ಟಿಯೊಂದರಲ್ಲಿ ನೆಲದ ಮೇಲೆ ಮಲಗಿದ್ದನ್ನು ಬರೆದಿಟ್ಟಿದ್ದಾನೆ.

ಮುಂದೆ ಯಾತ್ರೆ ಸೊರಗಿತು. 1836ರಲ್ಲಿ ಸ್ಪೇನಿನ ಸರ್ಕಾರ ಮಠಗಳನ್ನು ಮುಚ್ಚಿ ಆಸ್ತಿಯನ್ನು ಹರಾಜಿಗಿಟ್ಟಾಗ ಮಠಗಳು ನಡೆಸುತ್ತಿದ್ದ ಹಾಸಿಗೆಗಳೂ ಹೋದವು. ದಾರಿ ಮರಳಿ ಚೇತರಿಸಿಕೊಂಡದ್ದು 1980ರ ದಶಕದಲ್ಲಿ. ಎಲಿಯಾಸ್ ವಾಲಿಞ್ಞ ಎಂಬ ಹಳ್ಳಿಯ ಪಾದ್ರಿ ಹಳದಿ ಬಣ್ಣದ ಡಬ್ಬ ಹಿಡಿದು ಮರಕ್ಕೂ ಬಂಡೆಗೂ ಬಾಣದ ಗುರುತು ಬರೆಯುತ್ತ ಹೋದ. 2023ರಲ್ಲಿ ಸಾಂತಿಯಾಗೊ ತಲಪಿ ಪ್ರಮಾಣಪತ್ರ ಪಡೆದವರು ನಾಲ್ಕು ಲಕ್ಷಕ್ಕೂ ಮೇಲು. ತಂಗುದಾಣಗಳಲ್ಲಿ ಈಗ ಅಟ್ಟಣಿಗೆ ಮಂಚಗಳೂ ಹಾಸಿಗೆಗಳೂ ಇವೆ. ಆದರೆ ಹಲವು ಕಡೆ ಮುಂಗಡ ಕಾದಿರಿಸುವಂತಿಲ್ಲ, ಮೊದಲು ಬಂದವನಿಗೆ ಮಂಚ. ಹೀಗಾಗಿ ಬೇಸಗೆಯಲ್ಲಿ ಯಾತ್ರೆ ಒಮ್ಮೊಮ್ಮೆ ಓಟದ ಪಂದ್ಯವಾಗುತ್ತದೆ. ಜುಲೈ 25 ಭಾನುವಾರ ಬೀಳುವ ವರ್ಷ ಅಲ್ಲಿಗೆ ಪುಣ್ಯವರ್ಷ. 2021 ಅಂಥದು, 2027 ಅಂಥದು. ಆಗ ಹಿಂದುಳಿದವನಿಗೆ ಯಾವುದೋ ವ್ಯಾಯಾಮಶಾಲೆಯ ನೆಲ ಸಿಕ್ಕರೂ ಭಾಗ್ಯ.

ಪುಣ್ಯವರ್ಷದ ಜುಲೈಯಲ್ಲಿ ಹೊರಡುವವನಿಗೆ ಹಾಸು ಭಾರವಲ್ಲ. ಏಪ್ರಿಲಿನಲ್ಲಿ ಅದು ಬಹುಮಟ್ಟಿಗೆ ಭಯದ ತೂಕವೆಂದೇ ನನ್ನ ಎಣಿಕೆ. ಮೇಷ್ಟರಿಗೆ ಗ್ರಾಞೋನ್ ಎಂಬ ಊರಿನ ಸಂಗತಿ ಹೇಳಿದೆ. ಅಲ್ಲಿ ಚರ್ಚಿಗೆ ಸೇರಿದ ತಂಗುದಾಣದಲ್ಲಿ ಮಂಚಗಳಿಲ್ಲ. ನೆಲಕ್ಕೆ ಹಾಸಲು ತೆಳು ಹಾಸುಗಳನ್ನು ಅವರೇ ಕೊಡುತ್ತಾರೆ. ಕಾಣಿಕೆಯ ಪೆಟ್ಟಿಗೆಗೆ ಬೀಗವಿಲ್ಲ. ಕೈಲಾದದ್ದನ್ನು ಹಾಕು, ಬೇಕಾದದ್ದನ್ನು ತೆಗೆದುಕೊ ಎಂಬುದು ಅಲ್ಲಿಯ ಕ್ರಮ.

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಸನ್ನು ಮಂಚದಡಿಗೆ ತಳ್ಳಿದರು. ಅವರ ಮಡದಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಹಳೆಯ ನೂಲಿನ ಸೀರೆಯೊಂದನ್ನು ತಂದು, ನಾಲ್ಕಾಗಿ ಮಡಿಸಿ, ಚೀಲದ ತಳಕ್ಕಿಟ್ಟರು. ಅದನ್ನು ಮಾತ್ರ ಯಾರೂ ತೂಗಲಿಲ್ಲ.