ಅಲಾಸ್ಕಾ ಏರ್‌ಲೈನ್ಸ್ 261ನೇ ವಿಮಾನ ದುರಂತ

ಮೆಕ್ಸಿಕೋದ ಪುಯೆರ್ಟೊ ವಯ್ಯಾರ್ಟಾದಿಂದ ಸ್ಯಾನ್ ಫ್ರಾನ್ಸಿಸ್ಕೋ ಮಾರ್ಗವಾಗಿ ಸಿಯಾಟಲ್‌ಗೆ ಹೊರಟಿದ್ದ ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನ 2000ದ ಜನವರಿ 31ರ ಸಂಜೆ ಕ್ಯಾಲಿಫೋರ್ನಿಯದ ಅನಕಾಪಾ ದ್ವೀಪದ ಬಳಿ ಪೆಸಿಫಿಕ್ ಸಾಗರಕ್ಕೆ ಬಿದ್ದ ದುರಂತ. ಅದರಲ್ಲಿದ್ದ 83 ಪ್ರಯಾಣಿಕರೂ 5 ಮಂದಿ ಸಿಬ್ಬಂದಿಯೂ ಸತ್ತರು. ಪ್ರಯಾಣಿಕರಲ್ಲಿ ಹಲವರು ಆ ಕಂಪನಿಯ ನೌಕರರು ಅಥವಾ ಅವರ ಮನೆಯವರೇ ಆಗಿದ್ದರು. ಹವೆ ಚೆನ್ನಾಗಿತ್ತು, ಎಂಜಿನ್‌ಗಳು ಸರಿಯಾಗಿದ್ದವು, ಪೈಲಟ್‌ಗಳು ಅನುಭವಿಗಳು. ಬಾಲದಲ್ಲಿರುವ ಒಂದು ಸ್ಕ್ರೂಗೆ ಸಮಯಕ್ಕೆ ಸರಿಯಾಗಿ ಗ್ರೀಸ್ ಸಿಗದೆ ಈ ವಿಮಾನ ಬಿತ್ತು. ನಿರ್ವಹಣೆಯ ಖರ್ಚನ್ನು ಹಂತಹಂತವಾಗಿ ಇಳಿಸುತ್ತ ಹೋದರೆ ಸುರಕ್ಷತೆಯ ಅಂಚು ಹೇಗೆ ಕರಗುತ್ತದೆ ಎಂಬುದಕ್ಕೆ ವಿಮಾನಯಾನದ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲವೆಂದೇ ಹೇಳಬೇಕು.

ಎಂಡಿ-80 ಮಾದರಿಯ ವಿಮಾನಗಳಲ್ಲಿ ಬಾಲದ ಅಡ್ಡರೆಕ್ಕೆ ನೆಟ್ಟನೆಯ ರೆಕ್ಕೆಯ ತುದಿಯ ಮೇಲೆ ಕೂತಿರುತ್ತದೆ. ಹಾರಾಟದಲ್ಲಿ ವಿಮಾನದ ಮೂತಿ ಮೇಲೇರುವುದು, ಕೆಳಗಿಳಿಯುವುದು, ಸಮನಾಗಿ ನಿಲ್ಲುವುದು ಇವೆಲ್ಲ ಈ ಅಡ್ಡರೆಕ್ಕೆಯ ಕೋನವನ್ನು ಅವಲಂಬಿಸಿವೆ. ಆ ಕೋನವನ್ನು ಬದಲಿಸುವುದು ಜ್ಯಾಕ್‌ಸ್ಕ್ರೂ. ಕಾರಿನ ಚಕ್ರ ಬಿಚ್ಚುವಾಗ ತಿರುಗಿಸುವ ಸ್ಕ್ರೂ ಜ್ಯಾಕಿನ ಹಾಗೆಯೇ ಇದರ ಕೆಲಸ: ಉಕ್ಕಿನ ಸ್ಕ್ರೂ ಒಂದು ನಟ್ಟಿನೊಳಗೆ ತಿರುಗುತ್ತ ರೆಕ್ಕೆಯ ಮುಂಭಾಗವನ್ನು ಎತ್ತುತ್ತದೆ, ಇಳಿಸುತ್ತದೆ. ನಟ್ಟು ಅಲ್ಯೂಮಿನಿಯಂ-ಕಂಚಿನದು, ಉಕ್ಕಿಗಿಂತ ಮೆದು. ಹಾಗಾಗಿ ಸವೆಯುವುದು ನಟ್ಟಿನ ಥ್ರೆಡ್‌ಗಳೇ. ಸವೆತ ನಿಧಾನವಾಗಿರಬೇಕಾದರೆ ಗ್ರೀಸ್ ಬೇಕು, ಎಷ್ಟು ಸವೆದಿದೆ ಎಂದು ತಿಳಿಯಬೇಕಾದರೆ ಆಗಾಗ ಅಳೆದು ನೋಡಬೇಕು. ಈ ನಟ್ಟು ಕೈಕೊಟ್ಟರೆ ರೆಕ್ಕೆಯನ್ನು ಭದ್ರವಾಗಿ ಹಿಡಿದಿಡಲು ಬೇರೆ ಏನೂ ಇರಲಿಲ್ಲ. ಸ್ಕ್ರೂನಲ್ಲಿ ಎರಡು ಸಾಲು ಥ್ರೆಡ್‌ಗಳಿವೆ, ಒಂದು ಹೋದರೆ ಇನ್ನೊಂದು ತಡೆಯುತ್ತದೆ ಎಂಬುದು ವಿನ್ಯಾಸಕಾರರ ಲೆಕ್ಕ. ಗ್ರೀಸ್ ಇಲ್ಲದಾಗ ಎರಡೂ ಒಟ್ಟಿಗೇ ಸವೆಯುತ್ತವೆ ಎಂಬುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

ಅಮೆರಿಕದಲ್ಲಿ 1978ರ ಕಾನೂನು ವಿಮಾನ ಕಂಪನಿಗಳ ಮೇಲಿನ ದರ ಮತ್ತು ಮಾರ್ಗಗಳ ನಿಯಂತ್ರಣವನ್ನು ಸಡಿಲಿಸಿದ ಮೇಲೆ ಪೈಪೋಟಿ ಬಿಗಿಯಾಯಿತು. ಟಿಕೆಟ್ ದರ ಇಳಿದದ್ದು ಪ್ರಯಾಣಿಕರಿಗೆ ಲಾಭವೇ. ಆದರೆ ಇಂಧನದ ಬೆಲೆ ಕಂಪನಿಯ ಕೈಯಲ್ಲಿಲ್ಲ, ನಿರ್ವಹಣೆಯ ವೇಳಾಪಟ್ಟಿ ಮಾತ್ರ ಕೈಯಲ್ಲಿದೆ. ಹ್ಯಾಂಗರಿನಲ್ಲಿ ನಿಂತ ವಿಮಾನ ಸಂಪಾದಿಸುವುದಿಲ್ಲ. ಎರಡು ತಪಾಸಣೆಗಳ ನಡುವಿನ ಅಂತರ ಹಿಗ್ಗಿದಷ್ಟೂ ವಿಮಾನ ಹೆಚ್ಚು ಹೊತ್ತು ಆಕಾಶದಲ್ಲಿರುತ್ತದೆ, ಮೆಕ್ಯಾನಿಕ್‌ಗಳ ಕೂಲಿ ಉಳಿಯುತ್ತದೆ.

ಅಲಾಸ್ಕಾ ಏರ್‌ಲೈನ್ಸ್‌ನಲ್ಲಿ ನಡೆದದ್ದು ಇದೇ. 1987ರಲ್ಲಿ ಜ್ಯಾಕ್‌ಸ್ಕ್ರೂಗೆ ಪ್ರತಿ 500 ಹಾರಾಟ ಗಂಟೆಗೆ ಒಮ್ಮೆ ಗ್ರೀಸ್ ಹಾಕುತ್ತಿದ್ದರು. 1988ರಲ್ಲಿ ಅದು 1,000 ಗಂಟೆಯಾಯಿತು, 1991ರಲ್ಲಿ 1,200, 1994ರಲ್ಲಿ 1,600. 1996ರಲ್ಲಿ ಗಂಟೆಯ ಲೆಕ್ಕವನ್ನೇ ತೆಗೆದುಹಾಕಿ ಎಂಟು ತಿಂಗಳಿಗೊಮ್ಮೆ ಎಂದು ಬರೆದರು. ಆ ಕಂಪನಿಯ ವಿಮಾನಗಳು ಹಾರುತ್ತಿದ್ದ ಪ್ರಮಾಣದಲ್ಲಿ ಎಂಟು ತಿಂಗಳೆಂದರೆ ಸುಮಾರು 2,550 ಗಂಟೆ. ಒಂಬತ್ತು ವರ್ಷಗಳಲ್ಲಿ ಅಂತರ ಐದು ಪಟ್ಟು ಹೆಚ್ಚಿತು. ನಟ್ಟಿನ ಸಡಿಲವನ್ನು ಅಳೆಯುವ ಅವಧಿಯೂ ಹೀಗೆಯೇ ಬೆಳೆದು 30 ತಿಂಗಳಿಗೆ, ಅಂದರೆ ಸುಮಾರು 9,550 ಗಂಟೆಗೆ ಮುಟ್ಟಿತು. ಅಳೆಯಲು ಬಳಸುತ್ತಿದ್ದ ಉಪಕರಣವನ್ನೂ ಕಂಪನಿ ತಾನೇ ಮಾಡಿಕೊಂಡಿತ್ತು. ಅದು ತಯಾರಕರು ಹೇಳಿದ ಅಳತೆಗೆ ಹೊಂದುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಇದರಲ್ಲಿ ಯಾವುದೂ ಕದ್ದುಮುಚ್ಚಿ ನಡೆದದ್ದಲ್ಲ. ಪ್ರತಿ ಹೆಚ್ಚಳಕ್ಕೂ ಫೆಡರಲ್ ಏವಿಯೇಶನ್ ಅಡ್ಮಿನಿಸ್ಟ್ರೇಷನ್‌ನ, ಅಂದರೆ ಎಫ್‌ಎಎಯ ಒಪ್ಪಿಗೆ ಇತ್ತು. 1996ಕ್ಕೆ ಮೊದಲಿನ ಹೆಚ್ಚಳಗಳಲ್ಲಿ ಜ್ಯಾಕ್‌ಸ್ಕ್ರೂವನ್ನು ಪ್ರತ್ಯೇಕವಾಗಿ ಪರಿಗಣಿಸಿರಲಿಲ್ಲ. ನೂರಾರು ಕೆಲಸಗಳಿರುವ ಇಡೀ ತಪಾಸಣೆಯ ಅವಧಿಯನ್ನು ಹಿಗ್ಗಿಸಿದಾಗ ಅದರೊಳಗಿದ್ದ ಗ್ರೀಸ್ ಹಾಕುವ ಕೆಲಸವೂ ಹಿಂದೆ ಸರಿಯಿತು. ಹಿಂದಿನ ಅವಧಿಯಲ್ಲಿ ತೊಂದರೆಯಾಗಲಿಲ್ಲ, ಆದ್ದರಿಂದ ಮುಂದಿನದೂ ಸುರಕ್ಷಿತ ಎಂದು ನಂಬಿದರು. ಅಂತರ ಇಷ್ಟು ಹೆಚ್ಚಾದರೆ ಥ್ರೆಡ್ ಎಷ್ಟು ಸವೆಯುತ್ತದೆ ಎಂಬ ತಾಂತ್ರಿಕ ಮಾಹಿತಿಯನ್ನು ಕಂಪನಿ ಒದಗಿಸಲಿಲ್ಲ, ಎಫ್‌ಎಎ ಕೇಳಲಿಲ್ಲ. ಪ್ರಯಾಣಿಕರ ಜೀವ ನಿಂತಿದ್ದ ಭಾಗವೊಂದರ ವಿಷಯದಲ್ಲಿ ಇದು ಕ್ಷಮಿಸಲಾಗದ ನಿರ್ಲಕ್ಷ್ಯ.

1997ರ ಸೆಪ್ಟೆಂಬರಿನಲ್ಲಿ ಓಕ್‌ಲ್ಯಾಂಡಿನ ಹ್ಯಾಂಗರಿನಲ್ಲಿ ಇದೇ ವಿಮಾನದ ನಟ್ಟನ್ನು ಅಳೆದಾಗ ಸಡಿಲ 0.040 ಇಂಚು ಬಂತು. ಅನುಮತಿಯ ಕೊನೆಯ ಮಿತಿ ಅದೇ. ನಟ್ಟು ಬದಲಿಸಬೇಕೆಂದು ಅಲ್ಲಿನ ಮುಖ್ಯ ಮೆಕ್ಯಾನಿಕ್ ಬರೆದರು. ಮುಂದೆ ಬಂದ ಪಾಳಿಯವರು ಮತ್ತೆ ಅಳೆದರು. 0.033 ಬಂತು, ವಿಮಾನ ಸೇವೆಗೆ ಮರಳಿತು. ಮುಂದಿನ ಅಳತೆ 2000ದ ಮಾರ್ಚಿಗೆ ನಿಗದಿಯಾಗಿತ್ತು. 1997ರ ಅಳತೆಯಿಂದ ದುರಂತದವರೆಗೆ ವಿಮಾನ ಸುಮಾರು 8,900 ಗಂಟೆ ಹಾರಿತ್ತು. ಹಳೆಯ ವೇಳಾಪಟ್ಟಿಯೇ ಉಳಿದಿದ್ದರೆ ಈ ನಡುವೆ ಒಮ್ಮೆಯಾದರೂ ಅಳೆಯುತ್ತಿದ್ದರು, ನಟ್ಟು ಬದಲಾಗುತ್ತಿತ್ತು.

ದುರಂತದ ದಿನ ವಿಮಾನ ಮೇಲೇರುತ್ತಿರುವಾಗಲೇ ಅಡ್ಡರೆಕ್ಕೆ ಸಿಕ್ಕಿಕೊಂಡಿತು. ಕ್ಯಾಪ್ಟನ್ ಟೆಡ್ ಥಾಂಪ್ಸನ್ ಮತ್ತು ಸಹಪೈಲಟ್ ವಿಲಿಯಂ ಟ್ಯಾನ್ಸ್ಕಿ ಎರಡು ಗಂಟೆಗೂ ಹೆಚ್ಚು ಕಾಲ ಅದನ್ನು ನಿಭಾಯಿಸಿ, ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಇಳಿಯಲು ನಿರ್ಧರಿಸಿದರು. 4 ಗಂಟೆ 9 ನಿಮಿಷಕ್ಕೆ ಸ್ಕ್ರೂ ನಟ್ಟಿನಿಂದ ಕಳಚಿತು. ವಿಮಾನ 31,000 ಅಡಿಯಿಂದ ಒಂದೂವರೆ ನಿಮಿಷದೊಳಗೆ ಸುಮಾರು 24,000 ಅಡಿಗೆ ಧುಮುಕಿತು. ಪೈಲಟ್‌ಗಳು ಅದನ್ನು ಹಿಡಿದು ನಿಲ್ಲಿಸಿದರು. ಊರುಗಳ ಮೇಲೆ ಹಾರದೆ ಸಮುದ್ರದ ಮೇಲೆಯೇ ಉಳಿಯಲು ಅನುಮತಿ ಕೇಳಿ, ವಿಮಾನ ಎಷ್ಟರಮಟ್ಟಿಗೆ ಹತೋಟಿಯಲ್ಲಿದೆ ಎಂದು ಪರೀಕ್ಷಿಸಿದರು. ಹತ್ತು ನಿಮಿಷದ ಬಳಿಕ ಉಳಿದ ಆಸರೆಯೂ ಮುರಿಯಿತು. ವಿಮಾನ ತಲೆಕೆಳಗಾಯಿತು. ಆ ಸ್ಥಿತಿಯಲ್ಲೂ ಅವರು ಪ್ರಯತ್ನ ಬಿಡಲಿಲ್ಲ. ಪೈಲಟ್‌ಗಳ ಸಂಘ ಇಬ್ಬರಿಗೂ ಮರಣೋತ್ತರವಾಗಿ ಶೌರ್ಯದ ಚಿನ್ನದ ಪದಕ ನೀಡಿತು.

ಸಮುದ್ರತಳದಿಂದ ಮೇಲೆತ್ತಿದ ಸ್ಕ್ರೂಗೆ ನಟ್ಟಿನಿಂದ ಕಿತ್ತುಬಂದ ಥ್ರೆಡ್‌ಗಳು ಸುತ್ತಿಕೊಂಡಿದ್ದವು. ಅದು ಕೆಲಸ ಮಾಡುವ ಭಾಗದಲ್ಲಿ ಉಪಯೋಗಕ್ಕೆ ಬರುವ ಗ್ರೀಸ್ ಇರಲಿಲ್ಲ, ಗ್ರೀಸ್ ಹೋಗುವ ರಂಧ್ರದಲ್ಲಿ ಒಣಗಿದ ಕೊಳೆ ಕಟ್ಟಿತ್ತು. ಮುರಿಯುವ ಮೊದಲೇ ಥ್ರೆಡ್‌ಗಳ ದಪ್ಪದಲ್ಲಿ ಸುಮಾರು ಶೇ. 90ರಷ್ಟು ಸವೆದು ಹೋಗಿತ್ತು. ಕಂಪನಿ ಈ ನಡುವೆ ಬೇರೆ ಬಗೆಯ ಗ್ರೀಸಿಗೆ ಬದಲಾಯಿಸಿದ್ದು ಕಾರಣವಲ್ಲವೆಂದು ತನಿಖೆಯಲ್ಲಿ ಗೊತ್ತಾಯಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2002ರ ಡಿಸೆಂಬರಿನಲ್ಲಿ ಅಂಗೀಕರಿಸಿದ ವರದಿ ಸಾಕಷ್ಟು ಗ್ರೀಸ್ ಹಾಕದಿದ್ದುದೇ ಮೂಲವೆಂದಿತು. ಗ್ರೀಸ್ ಮತ್ತು ಅಳತೆಯ ಅವಧಿಗಳನ್ನು ಹಿಗ್ಗಿಸಿದ್ದನ್ನೂ ಅದಕ್ಕೆ ಎಫ್‌ಎಎ ಒಪ್ಪಿದ್ದನ್ನೂ, ನಟ್ಟು ಕೈಕೊಟ್ಟಾಗ ತಡೆಯುವ ವ್ಯವಸ್ಥೆ ವಿನ್ಯಾಸದಲ್ಲಿ ಇಲ್ಲದಿದ್ದುದನ್ನೂ ಪೂರಕ ಕಾರಣಗಳೆಂದು ಹೆಸರಿಸಿತು. ಕಂಪನಿಯಲ್ಲಿ ನಿರ್ವಹಣಾ ನಿರ್ದೇಶಕರ ಹುದ್ದೆಯೇ ಸುಮಾರು ಎರಡು ವರ್ಷ ಖಾಲಿ ಇದ್ದದ್ದು ದುರಂತದ ನಂತರದ ಪರಿಶೀಲನೆಯಲ್ಲಿ ಬೆಳಕಿಗೆ ಬಂತು.

ಸತ್ತವರ ಕುಟುಂಬಗಳ ದಾವೆಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ಮತ್ತು ತಯಾರಕ ಸಂಸ್ಥೆಯನ್ನು 1997ರಲ್ಲಿ ಕೊಂಡಿದ್ದ ಬೋಯಿಂಗ್ ಎರಡೂ ಹೊಣೆ ಒಪ್ಪಿ ಪರಿಹಾರ ಕೊಟ್ಟವು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ದುರಂತದ ಬೆನ್ನಲ್ಲೇ ಎಫ್‌ಎಎ ಎಲ್ಲ ಕಂಪನಿಗಳಿಗೂ 650 ಗಂಟೆಗೊಮ್ಮೆ ಗ್ರೀಸ್ ಹಾಕುವುದನ್ನು ಕಡ್ಡಾಯಗೊಳಿಸಿತು. ಅಲಾಸ್ಕಾ 2008ರಲ್ಲಿ ಈ ಮಾದರಿಯನ್ನು ಕೈಬಿಟ್ಟಿತು. ಅಮೆರಿಕನ್ ಏರ್‌ಲೈನ್ಸ್ 2019ರವರೆಗೂ ಡೆಲ್ಟಾ 2020ರವರೆಗೂ ಎಂಡಿ-80 ಸರಣಿಯ ವಿಮಾನಗಳನ್ನು ಹಾರಿಸಿದವು. ಅವುಗಳ ಬಾಲದಲ್ಲಿದ್ದದ್ದೂ ಜ್ಯಾಕ್‌ಸ್ಕ್ರೂವೇ.